ಜಿರಳೆಯ ಅನುಮತಿ ಪತ್ರ

ನಮ್ಮ ಮಾವನವರನ್ನು ಮೊಟ್ಟಮೊದಲು ಕಳ್ಳರು ಎಂದು ಕರೆದದ್ದು ಅವರ ಕಾಲೇಜಿನ ಲೈಬ್ರರಿ ಮೇಡಂ. ಬಹಳ ಮರ್ಯಾದೆಯಿಂದಲೇ ಕರೆದರು. ಕುರ್ಚಿ ಕೊಟ್ಟು, ಕುಡಿಯಲು ನೀರು ಕೊಟ್ಟು, ಆಮೇಲೆ ಕರೆದರು.

ಮಾವನವರು ಪ್ರಾಣಿಶಾಸ್ತ್ರದ ಮೇಷ್ಟ್ರು. ಮನೆಯೊಳಗಿನ ಕೀಟಗಳು ಅವರ ಪಾಠ. ಹುಡುಗರು ಅವರನ್ನು ಜಿರಳೆ ಮೇಷ್ಟ್ರು ಎನ್ನುತ್ತಾರೆ. ಅದು ಅವರಿಗೆ ಗೊತ್ತು, ಬೇಸರವೇನೂ ಇಲ್ಲ. ಸಸ್ಯಶಾಸ್ತ್ರದವರನ್ನು ಬೂಷ್ಟು ಮೇಷ್ಟ್ರು ಎನ್ನುತ್ತಾರಂತೆ. ಅದಕ್ಕಿಂತ ಇದು ಎಷ್ಟೋ ವಾಸಿ ಎಂದು ಅವರ ಅಭಿಪ್ರಾಯ.

ಈ ವರ್ಷ ಪ್ರಿನ್ಸಿಪಾಲರು ಒಂದು ಸುತ್ತೋಲೆ ಹೊರಡಿಸಿದರು. ಪ್ರತಿಯೊಬ್ಬರೂ ತಮ್ಮ ಪಾಠವನ್ನು ಆನ್‌ಲೈನ್ ಕೋರ್ಸ್ ಮಾಡಿ ಕೊಡಬೇಕು, ತಿಂಗಳ ಕೊನೆಯೊಳಗೆ ಒಪ್ಪಿಗೆಯಾಗದ ಪಾಠವನ್ನು ಮುಂದಿನ ವರ್ಷದಿಂದ ಕೈಬಿಡಲಾಗುವುದು. ಮಾವನವರು ಮುಂದಿನ ವರ್ಷ ನಿವೃತ್ತರಾಗುವವರು. ತಾವು ಹೋದರೂ ಜಿರಳೆ ಉಳಿಯಬೇಕು ಎಂಬುದೊಂದೇ ಅವರ ಆಸೆ. ಜಿರಳೆ ಹೇಗೂ ಉಳಿಯುತ್ತದೆ, ಅದಕ್ಕೆ ಕಾಲೇಜಿನ ಸಹಾಯ ಬೇಕಿಲ್ಲ. ಆದರೆ ಪಾಠದ ಮಾತು ಬೇರೆ.

ಆ ಪಾಠದ ಜೀವವೆಂದರೆ ಅದರ ಚಿತ್ರಗಳು. ಜಿರಳೆ, ನೊಣ, ತಿಗಣೆ, ಗೆದ್ದಲು, ಒಂದೊಂದೂ ಕಿಟಕಿಯಷ್ಟು ದೊಡ್ಡದು, ಕಾಲಿನ ಕೂದಲು ಕೂಡ ಎಣಿಸಬಹುದು. ಅವನ್ನು ಬರೆದವರು ಮಾವನವರ ಮಗ, ಅಂದರೆ ನನ್ನ ಗಂಡ. ಅವರು ಹೋದ ವರ್ಷ ತೀರಿಕೊಂಡರು. ಅಂದಿನಿಂದ ಚಿತ್ರಗಳು ಒಂದು ರಟ್ಟಿನ ಕೊಳವೆಯೊಳಗೆ ಸುರುಳಿ ಸುತ್ತಿಕೊಂಡು ನಡುಮನೆಯ ಬೀರುವಿನ ಮೇಲಿದ್ದವು. ನಾನು ಇಳಿಸಲಿಲ್ಲ. ಮಾವನವರೂ ಇಳಿಸಲಿಲ್ಲ. ಬದಲಿಗೆ ಅವರು ಇಂಟರ್ನೆಟ್ಟಿಗೆ ಕೈ ಹಾಕಿದರು.

ಯಾರದೇ ಕೋರ್ಸು ಇಂಟರ್ನೆಟ್ಟಿಗೆ ಏರುವ ಮೊದಲು ಅದರಲ್ಲಿ ಪರರ ಸ್ವತ್ತು ಏನಾದರೂ ಇದೆಯೇ ಎಂದು ನೋಡುವ ಕೆಲಸ ಲೈಬ್ರರಿ ಮೇಡಂ ಅವರದು. ಅವರ ಪರದೆಯ ಮೇಲೆ ಮಾವನವರ ಜಿರಳೆ ಬಂದು ನಿಂತಿತು. ಅದರ ತಲೆಯಿಂದ ಬಾಲದವರೆಗೆ ಯಾವುದೋ ಕಂಪನಿಯ ಹೆಸರು ಬೂದು ಅಕ್ಷರಗಳಲ್ಲಿ ಅಡ್ಡಡ್ಡಲಾಗಿ ಅಚ್ಚಾಗಿತ್ತು.

“ಇದೇನು ಸಾರ್?”

“ಜಿರಳೆ ಮೇಡಂ. ಹೆಣ್ಣು.”

“ಬೆನ್ನ ಮೇಲೆ ಏನೋ ಬರೆದಿದೆಯಲ್ಲ?”

“ಕೆಲವು ಜಾತಿಗಳಲ್ಲಿ ಇರುತ್ತೆ ಮೇಡಂ.”

ಮೇಡಂ ನೀರಿನ ಲೋಟವನ್ನು ಅವರ ಕಡೆ ಸರಿಸಿದರು. “ಸಾರ್, ಇದು ಕಳ್ಳತನ.”

“ಏನ್ ಮೇಡಂ ಹೀಗಂತೀರಿ! ಇಷ್ಟು ವರ್ಷ ಕ್ಲಾಸಲ್ಲಿ ಯಾವ್ಯಾವುದೋ ಪುಸ್ತಕದ ಚಿತ್ರ ತೋರಿಸಿದೀನಿ. ಒಬ್ಬರೂ ಕಮಕ್ ಕಿಮಕ್ ಅಂದಿಲ್ಲ.”

“ಕ್ಲಾಸಿಗೆ ಬಾಗಿಲಿರುತ್ತೆ ಸಾರ್. ಒಳಗೆ ತೋರಿಸಿದ್ದು ಒಳಗೇ ಇರುತ್ತೆ ಅಂತ ಕಾನೂನು ಸ್ವಲ್ಪ ಕಣ್ಣು ಮುಚ್ಚಿಕೊಳ್ಳುತ್ತೆ. ಇದಕ್ಕೆ ಬಾಗಿಲೇ ಇಲ್ಲ. ಲೋಕಕ್ಕೆಲ್ಲ ಹಂಚಿದ ಹಾಗೆ.”

“ಕೊನೇಲಿ ‘ಕೃತಜ್ಞತೆಗಳು’ ಅಂತ ಹಾಕಿದೀನಲ್ಲ!”

“ಕೃತಜ್ಞತೆ ಬೇರೆ, ಅನುಮತಿ ಬೇರೆ. ನಾನು ನಿಮ್ಮ ಸ್ಕೂಟರ್ ತಗೊಂಡು ಹೋಗಿ, ಹಿಂದುಗಡೆ ‘ಜಿರಳೆ ಮೇಷ್ಟ್ರಿಗೆ ಕೃತಜ್ಞತೆಗಳು’ ಅಂತ ಬರೆಸಿಕೊಂಡು ಓಡಾಡಿದ್ರೆ ನೀವು ಸುಮ್ಮನಿರ್ತೀರಾ?”

ಮಾವನವರು ತಮ್ಮ ಸ್ಕೂಟರನ್ನು ನೆನೆದು ಬೆವರಿದರು.

ಮೇಡಂ ಒಂದು ಕಟ್ಟು ಅನುಮತಿ ಪತ್ರಗಳನ್ನು ಅವರ ಮುಂದಿಟ್ಟರು. ಸ್ವಂತವಾಗಿ ಮಾಡಿದ್ದಾದರೆ ಸರಿ. ಯಾರು ಬೇಕಾದರೂ ಬಳಸಿ ಎಂದು ಮಾಡಿದವರೇ ಬಿಟ್ಟುಕೊಟ್ಟದ್ದಾದರೂ ಸರಿ. ಮಿಕ್ಕಿದ್ದಕ್ಕೆಲ್ಲ ಮಾಡಿದವರ ಸಹಿ ಬೇಕು.

“ಅಷ್ಟಕ್ಕೂ ನಿಮಗ್ಯಾಕೆ ಸಾರ್ ಈ ತಾಪತ್ರಯ? ನಿಮ್ಮ ಮಗ ಬರೆದದ್ದಿದೆಯಲ್ಲ. ಅವನ್ನೇ ಹಾಕಿ. ಹಕ್ಕು ಈಗ ಮನೆಯವರದು. ಅವರ ಹೆಂಡತಿ ಒಂದು ಸಹಿ ಹಾಕಿದ್ರೆ ಮುಗೀತು.”

ಮಾವನವರು ಪತ್ರವನ್ನು ನೋಡಿದರು. ಅದರಲ್ಲಿ ಒಂದು ಸಾಲಿತ್ತು: ‘ಕೃತಿಯನ್ನು ರಚಿಸಿದವರು ಜೀವಂತ / ದಿವಂಗತ. ಅನ್ವಯಿಸದ ಪದವನ್ನು ಹೊಡೆದುಹಾಕಿ.’ ಅವರು ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, “ನೋಡೋಣ ಮೇಡಂ,” ಎಂದು ಎದ್ದರು.

ಈ ಕೊನೆಯ ಸಂಗತಿಯನ್ನು ಅವರು ಮನೆಯಲ್ಲಿ ಹೇಳಲಿಲ್ಲ. ನನಗೆ ಗೊತ್ತಾದದ್ದು ಬಹಳ ದಿನದ ಮೇಲೆ, ಮೇಡಂ ಅವರಿಂದ. ನನ್ನನ್ನೊಬ್ಬಳನ್ನು ಬಿಟ್ಟು ಭೂಮಿಯ ಮೇಲೆ ಇನ್ಯಾರನ್ನು ಬೇಕಾದರೂ ಅನುಮತಿ ಕೇಳಲು ಮಾವನವರು ತಯಾರಾದರು. ಮುಂದೆ ನಮ್ಮ ಬೀದಿಗೆ ಬಂದ ಕಷ್ಟಕ್ಕೆಲ್ಲ ಇದೇ ಮೂಲ.

ಜಿರಳೆಯ ಫೋಟೋವನ್ನು ತಾವೇ ತೆಗೆಯುವುದೆಂದು ಅವರು ತೀರ್ಮಾನಿಸಿದರು. ಆದರೆ ನಮ್ಮ ಮನೆಯಲ್ಲಿ ಜಿರಳೆ ಇರಲಿಲ್ಲ. ಆ ವರ್ಷ ನಮ್ಮಲ್ಲಿ ಒಲೆ ಹಚ್ಚಿದ್ದೇ ಕಡಿಮೆ. ಜಿರಳೆಗೂ ಒಂದು ಮನೆಯಿಂದ ಏನೋ ನಿರೀಕ್ಷೆ ಇರುತ್ತದೆ. ಊಟ ಪಕ್ಕದ ಮನೆಯ ದೊಡ್ಡಮ್ಮನಿಂದ ಬರುತ್ತಿತ್ತು. ಅವರು ನನಗೆ ಸಂಬಂಧದಲ್ಲಿ ಏನೂ ಅಲ್ಲ. ಬಾಗಿಲಲ್ಲಿ ನಿಂತು, “ತಗೊಳೇ, ಬಿಸಿ ಇದೆ,” ಎಂದು ಡಬ್ಬಿ ಕೈಗೆ ತುರುಕಿ ಹೋಗುವರು. ಉಂಡೆಯಾ ಎಂದು ಕೇಳುತ್ತಿರಲಿಲ್ಲ. ಡಬ್ಬಿಯ ತೂಕದಿಂದಲೇ ತಿಳಿದುಕೊಳ್ಳುತ್ತಿದ್ದರು. ಖಾಲಿ ಡಬ್ಬಿ ವಾಪಸು ಕೊಡುವ ಕೆಲಸ ಮಾವನವರದು. ನಾನು ಆಗ ಎಲ್ಲಿಗೂ ಹೋಗುತ್ತಿರಲಿಲ್ಲ.

ಹಾಗೆ ಡಬ್ಬಿ ಕೊಡಲು ಹೋದವರಿಗೆ ದೊಡ್ಡಮ್ಮನ ಒಲೆಯ ಹಿಂದೆ ಒಂದು ಜಿರಳೆ ಕಂಡಿತು. ದೊಡ್ಡಮ್ಮ ಹಿತ್ತಲಲ್ಲಿದ್ದರು. ಜಿರಳೆ ಮೀಸೆ ಕುಣಿಸುತ್ತ ಬೆಳಕಿಗೆ ಮುಖ ಮಾಡಿ ನಿಂತಿತ್ತು. ಮಾವನವರು ಡಬ್ಬಿ ಕೆಳಗಿಟ್ಟು ಫೋನ್ ತೆಗೆದರು. ಫೋಟೋ ಅದ್ಭುತವಾಗಿ ಬಂತು. ಹಿನ್ನೆಲೆಯಲ್ಲಿ ದೊಡ್ಡಮ್ಮನ ಒಲೆ, ಒಲೆಯ ಪಕ್ಕ ದೊಡ್ಡಮ್ಮನ ಹೆಸರು ಕೆತ್ತಿಸಿದ ಪಾತ್ರೆ.

ಮೊದಲಾಗಿದ್ದರೆ ಅವರು ಅದನ್ನು ಸುಮ್ಮನೆ ಹಾಕಿಕೊಳ್ಳುತ್ತಿದ್ದರು. ಈಗ ಕಾನೂನು ಕಲಿತವರು. ಫೋಟೋದಲ್ಲಿ ಯಾರ ವಸ್ತುವಿದ್ದರೂ ಹಕ್ಕು ಅದನ್ನು ತೆಗೆದವರಿಗೇ ಎಂದು ಮೇಡಂ ಹೇಳಿದ್ದು ಇವರ ಕಿವಿಗೆ ಬಿದ್ದಿರಲಿಲ್ಲ. ಸ್ಕೂಟರಿನ ಯೋಚನೆಯಲ್ಲಿದ್ದರು. ಒಲೆ ದೊಡ್ಡಮ್ಮನದು, ಒಲೆಯ ಶಾಖಕ್ಕೆ ಬೆಳೆದ ಜಿರಳೆಯೂ ದೊಡ್ಡಮ್ಮನದೇ ಎಂದು ಅವರ ತರ್ಕ. ಕಾಲೇಜಿನ ಕೋಟು ತೊಟ್ಟು, ಪತ್ರ ತುಂಬಿಕೊಂಡು ಹೊರಟರು.

ಅದೇ ಹೊತ್ತಿಗೆ ದೊಡ್ಡಮ್ಮನ ಮಹಡಿ ಮನೆ ನೋಡಲು ಹೊಸದಾಗಿ ಮದುವೆಯಾದ ಒಂದು ಜೋಡಿ ಬಂದಿತ್ತು. ಆ ಮಹಡಿ ಬಹಳ ತಿಂಗಳಿನಿಂದ ಖಾಲಿ. ಹುಡುಗಿಗೆ ಕಿಟಕಿ ಹಿಡಿಸಿತ್ತು, ಹುಡುಗನಿಗೆ ಹುಡುಗಿಗೆ ಹಿಡಿಸಿದ್ದೆಲ್ಲ ಹಿಡಿಸಿತ್ತು. ಗೋಡೆ ತೆಳುವಾದ್ದರಿಂದ ಮುಂದಿನದೆಲ್ಲ ನನಗೆ ಮನೆಯಿಂದಲೇ ಕೇಳಿಸಿತು.

“ಬನ್ನಿ ಮೇಷ್ಟ್ರೇ, ಒಳ್ಳೇ ಹೊತ್ತಿಗೆ ಬಂದ್ರಿ. ನೋಡಮ್ಮ, ಇವರು ಕಾಲೇಜ್ ಮೇಷ್ಟ್ರು. ನಮ್ಮನೆ ಎಷ್ಟು ಕ್ಲೀನು ಅಂತ ಇವರನ್ನೇ ಕೇಳು.”

ಮಾವನವರು ಗಂಟಲು ಸರಿಪಡಿಸಿಕೊಂಡು ಓದಿದರು. “ಮಾನ್ಯರೇ, ತಮ್ಮ ಅಡುಗೆಮನೆಯಲ್ಲಿ ಕಾಯಂ ಆಗಿ ವಾಸವಾಗಿರುವ ಜಿರಳೆಯ ಚಿತ್ರವನ್ನು ಲೋಕದಾದ್ಯಂತ ಪ್ರದರ್ಶಿಸಲು...”



“ಏನಂದ್ರೀ?” ಇದು ದೊಡ್ಡಮ್ಮ.

“ಒಂದೇ ಜಿರಳೆ ತಾಯೀ. ಮಿಕ್ಕವಕ್ಕೆ ಬೇರೆ ಪತ್ರ ತರ್ತೀನಿ.”

“ನಮ್ಮನೇಲಿ ಜಿರಳೆ ಇಲ್ಲ!”

“ಇದೆ ತಾಯೀ. ಹೆಣ್ಣು. ಹೊಟ್ಟೇಲಿ ಮೊಟ್ಟೆ ಬೇರೆ ಇದೆ.”

ಮೆಟ್ಟಿಲಲ್ಲಿ ಎರಡು ಜೊತೆ ಚಪ್ಪಲಿಗಳು ಅವಸರವಾಗಿ ಇಳಿದುಹೋದ ಸದ್ದು ಕೇಳಿಸಿತು.

ಮಾವನವರು ಅಲ್ಲಿಗೇ ನಿಲ್ಲಿಸಿದ್ದರೆ ಒಂದು ಮಾತಾಗಿತ್ತು. ಅವರ ಹತ್ತಿರ ಎರಡನೆಯ ಪತ್ರವೂ ಇತ್ತು. ತಿಗಣೆಯ ಪಾಠವನ್ನು ಧ್ವನಿಮುದ್ರಣ ಮಾಡುವಾಗ ಗೋಡೆಯಾಚೆಯಿಂದ ದೊಡ್ಡಮ್ಮ ತಮ್ಮ ಗಂಡನಿಗೆ, “ಕೂತಲ್ಲೇ ಕೂತಿರ್ತೀರಲ್ಲ, ಹಾಸಿಗೆ ಬಿಟ್ಟು ಏಳಬಾರದು ಅಂತ ಆಣೆ ಇಟ್ಟಿದೀರಾ?” ಎಂದದ್ದು ಸ್ಪಷ್ಟವಾಗಿ ದಾಖಲಾಗಿತ್ತು. ಸರಿಯಾಗಿ ‘ತಿಗಣೆಯ ಸ್ವಭಾವ’ ಎಂಬ ಭಾಗದಲ್ಲಿ. ಧ್ವನಿಯೂ ಅವರವರ ಸ್ವತ್ತೇ ಆದ್ದರಿಂದ ಅದಕ್ಕೂ ಸಹಿ ಬೇಕೆಂದರು.

ಒಳಗಿನಿಂದ ದೊಡ್ಡಪ್ಪನ ಧ್ವನಿ ಕೇಳಿಸಿತು. ಆ ಮನೆಯಲ್ಲಿ ಅದು ಅಪರೂಪ. “ಮೇಷ್ಟ್ರೇ, ಅದರದ್ದೊಂದು ಕಾಪಿ ನನಗೂ ಬೇಕಿತ್ತಲ್ಲ.”

ಬಾಗಿಲು ಹಾಕಿಕೊಂಡಿತು. ಅಂದು ಡಬ್ಬಿ ಬರಲಿಲ್ಲ.

ಬೀದಿಗೆ ಸುದ್ದಿ ಬೇರೆಯೇ ರೂಪದಲ್ಲಿ ಮುಟ್ಟಿತು. ಕಾಲೇಜಿನವರು ಜಿರಳೆ ಇರುವ ಮನೆಗಳನ್ನು ಲೆಕ್ಕ ಹಾಕುತ್ತಿದ್ದಾರೆ, ಸಹಿ ಹಾಕಿದವರ ಮನೆಗೆ ಬೀಗ ಬೀಳುತ್ತದೆ ಎಂದು ಇಸ್ತ್ರಿ ಅಂಗಡಿಯವನು ಗಿರಾಕಿಗಳಿಗೆಲ್ಲ ಹೇಳಿದ. ಮಾವನವರು ಕೋಟು ತೊಟ್ಟು ಬೀದಿಗಿಳಿದರೆ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳತೊಡಗಿದವು. ಎದುರುಮನೆಯ ಯಜಮಾನರು ಅಂಗಳದಲ್ಲೇ ನಿಂತು, “ನಮ್ಮಲ್ಲಿ ಇರುವೆ ಕೂಡ ಇಲ್ಲ, ನೆಂಟರೂ ಬರಲ್ಲ!” ಎಂದು ಕೂಗಿ ಹೇಳಿದರು. ಬೇರೆ ಊರಿನಿಂದ ಮಾವನವರ ತಂಗಿ ಫೋನ್ ಮಾಡಿದರು.

“ಅಣ್ಣಾ, ಜಿರಳೆ ಸಾಕ್ತಿದೀಯಂತೆ?”

“ಇಲ್ಲಮ್ಮ, ಅನುಮತಿ ಕೇಳ್ತಿದೀನಿ.”

“ಜಿರಳೇನ?”

ಅವರು ಫೋನನ್ನು ನನಗೆ ಕೊಡಲು ಹೇಳಿ, ನಿಮ್ಮ ಮಾವ ಸರಿಯಾಗಿ ನಿದ್ದೆ ಮಾಡುತ್ತಾರೆಯೇ ಎಂದು ಕೇಳಿದರು.

ಮಹಡಿ ನೋಡಲು ಬಂದಿದ್ದ ಹುಡುಗ ನಗರಸಭೆಯ ಆರೋಗ್ಯ ವಿಭಾಗದಲ್ಲಿ ಗುಮಾಸ್ತ ಎಂಬುದು ಮಾರನೆಯ ವಾರ ಎಲ್ಲರಿಗೂ ತಿಳಿಯಿತು. ಹೆಲ್ತ್ ಇನ್ಸ್‌ಪೆಕ್ಟರು ಬಂದರು. ಅವರ ಹಿಂದೆ ಬೆನ್ನಿಗೆ ಔಷಧದ ಪೀಪಾಯಿ ಕಟ್ಟಿಕೊಂಡು, ಮೂಗಿಗೆ ಬಟ್ಟೆ ಸುತ್ತಿಕೊಂಡ ಇಬ್ಬರು. ದೊಡ್ಡಮ್ಮನ ಮನೆಯ ಮುಂದೆ ಬೀದಿಯೇ ಸೇರಿತು. ನಮ್ಮ ಮಾವನವರೂ ಹೋದರು. ನಾನು ಕಿಟಕಿಯಲ್ಲಿದ್ದೆ.

“ಜಿರಳೆ ಇರೋ ಮನೆ ಇದೇನಾ?”

“ಅಲ್ಲ!” ದೊಡ್ಡಮ್ಮ ಹೊಸ್ತಿಲಿಗೆ ಅಡ್ಡ ನಿಂತಿದ್ದರು. “ಅದು ಮೇಷ್ಟ್ರ ಜಿರಳೆ. ಅವರೇ ಸಾಕಿ, ತಂದು ನಮ್ಮನೇಲಿ ಬಿಟ್ಟು ಫೋಟೋ ತೆಗೆದಿದಾರೆ.”

“ಮೇಷ್ಟ್ರ ಪತ್ರದಲ್ಲೇ ನಿಮ್ಮನೆ ಅಂತಿತ್ತು ಅಂತ ನಮ್ಮ ಗುಮಾಸ್ತ ಬರೆದುಕೊಟ್ಟಿದಾನಲ್ಲಮ್ಮ. ಕಾಯಂ ವಾಸ ಅಂತ.”

“ನಾನು ಸಹಿ ಹಾಕಿಲ್ಲ!”

“ನೋಡಿ, ನನಗೆ ಬೇರೆ ಕೆಲಸ ಇದೆ. ಜಿರಳೆ ಯಾರದ್ದು ಅಂತ ಒಬ್ಬರು ಒಪ್ಪಿಕೊಳ್ಳಿ. ಔಷಧಿ ಹೊಡೆದು ಬಾಗಿಲಿಗೆ ಚೀಟಿ ಅಂಟಿಸಿ ಹೋಗ್ತೀವಿ.”

ದೊಡ್ಡಮ್ಮನ ಮುಖ ಇಳಿಯಿತು. ಚೀಟಿ ಅಂಟಿದ ಮನೆಯ ಮಹಡಿಗೆ ಯಾರು ಬರುತ್ತಾರೆ? ಅವರು ಮಾವನವರ ಕಡೆ ನೋಡಿದರು. ಬೈಯಲಿಲ್ಲ. “ವರ್ಷವಿಡೀ ನಿಮ್ಮ ಮನೆಗೆ ಊಟ ಕಳಿಸಿದ್ದಕ್ಕೆ ಇದಾ ಮೇಷ್ಟ್ರೇ,” ಎಂದರು.

ಮಾವನವರು ಇನ್ಸ್‌ಪೆಕ್ಟರ ಮುಂದೆ ಬಂದು, ಕೋಟಿನ ಗುಂಡಿ ಹಾಕಿಕೊಂಡು, ಸಭೆಯಲ್ಲಿ ಹೇಳುವಂತೆ ಹೇಳಿದರು.

“ಜಿರಳೆ ನಮ್ಮದು.”

“ನಿಮ್ಮದಾ?”

“ನಮ್ಮದೇ. ನಮ್ಮನೆಯಿಂದ ಬಂದದ್ದು. ಡಬ್ಬಿ ಜೊತೆ ಬಂದಿರಬೇಕು. ಇವರ ಮನೇಲಿ ಜಿರಳೆ ಇಲ್ಲ. ನಾನು ಪ್ರಾಣಿಶಾಸ್ತ್ರದವನು, ನನಗೆ ಗೊತ್ತಾಗುತ್ತೆ.”

ಹಾಗೆಂದು ಬರೆದುಕೊಡಲು ಇನ್ಸ್‌ಪೆಕ್ಟರು ಹೇಳಿದರು. ಮಾವನವರ ಬಳಿ ಅನುಮತಿ ಪತ್ರಗಳು ಬೇಕಾದಷ್ಟಿದ್ದವು. ಒಂದನ್ನು ತೆಗೆದು ‘ಹಕ್ಕುದಾರರು’ ಎಂಬಲ್ಲಿ ತಮ್ಮ ಸಹಿ ಹಾಕಿದರು. ಅವರ ವೃತ್ತಿಜೀವನದಲ್ಲಿ ಬರೆದ ಏಕೈಕ ಸುಳ್ಳು ಪ್ರಮಾಣಪತ್ರ ಅದು.

ಹೀಗೆ ಒಂದೂ ಜಿರಳೆ ಇಲ್ಲದ ನಮ್ಮ ಮನೆಗೆ ಔಷಧಿ ಹೊಡೆಯಲಾಯಿತು. ಅದಕ್ಕೆ ಮೊದಲು ಕಾಗದ, ಬಟ್ಟೆ, ಪುಸ್ತಕ ಎಲ್ಲ ಹೊರಗೆ ಹಾಕಬೇಕು ಎಂದರು. ಬೀದಿಯವರು, ಬೀಗ ಬೀಳುವುದು ತಮ್ಮ ಮನೆಗಲ್ಲ ಎಂದು ಗೊತ್ತಾದದ್ದೇ, ಬಹಳ ಔದಾರ್ಯದಿಂದ ಸಹಾಯಕ್ಕೆ ಬಂದರು. ಎದುರುಮನೆಯ ಯಜಮಾನರು ಪುಸ್ತಕ ಹೊತ್ತರು. ಇಸ್ತ್ರಿ ಅಂಗಡಿಯವನು ಬಟ್ಟೆ ಹೊತ್ತು, ದಾರಿಯಲ್ಲೇ ಮಡಿಚಿ ಇಟ್ಟ. ದೊಡ್ಡಪ್ಪ ಹಾಸಿಗೆ ಬಿಟ್ಟು ಎದ್ದು ಬಂದು ಬೀರುವಿಗೆ ಕೈ ಕೊಟ್ಟರು. ಬೀರು ಅಲುಗಿದಾಗ ರಟ್ಟಿನ ಕೊಳವೆ ಉರುಳಿ ದೊಡ್ಡಮ್ಮನ ಕಾಲಿನ ಹತ್ತಿರ ಬಿತ್ತು.

ದೊಡ್ಡಮ್ಮ ಅದನ್ನು ಜಗುಲಿಗೆ ತಂದು ಬಿಚ್ಚಿದರು. ನೊಣ ಬಂತು. ಗೆದ್ದಲು ಬಂತು. ಆಮೇಲೆ ಜಿರಳೆ, ಅದರ ರೆಕ್ಕೆಯ ಒಂದೊಂದು ಗೆರೆಯೂ ಬೆಳಕು ಹಿಡಿದಂತೆ. ಇನ್ಸ್‌ಪೆಕ್ಟರು ಮೂಗಿಗೆ ಹಿಡಿದಿದ್ದ ಕರವಸ್ತ್ರ ಇಳಿಸಿ ನೋಡಿದರು. ಎಲ್ಲಕ್ಕಿಂತ ಒಳಗಿದ್ದುದು ಇನ್ನೊಂದು ಜಿರಳೆ. ಅದಕ್ಕೆ ಮಾವನವರ ಕನ್ನಡಕ ಇತ್ತು, ಮಾವನವರ ಕೋಟು ಇತ್ತು, ಮುಂಗಾಲಿನಲ್ಲಿ ಸೀಮೆಸುಣ್ಣವಿತ್ತು.

“ಅದು ಪಾಠದ್ದಲ್ಲ, ಅದು ಪಾಠದ್ದಲ್ಲ,” ಎಂದು ಮಾವನವರು ಅಡ್ಡ ಬಂದರು. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು. ಪೀಪಾಯಿಯವರಲ್ಲಿ ಒಬ್ಬ, “ಮೇಷ್ಟ್ರ ಮುಖಾನೇ!” ಎಂದ.

ನಗು ನಿಂತ ಮೇಲೆ ದೊಡ್ಡಮ್ಮ ಕೇಳಿದರು. “ಇಂಥದ್ದನ್ನ ಮನೇಲಿಟ್ಕೊಂಡು ನಮ್ಮನೆ ಒಲೆ ಹಿಂದೆ ಯಾಕೆ ಬಗ್ಗಿ ನೋಡಿದ್ರಿ ಮೇಷ್ಟ್ರೇ?”

“ಇದಕ್ಕೆ ಅನುಮತಿ ಇಲ್ಲ ತಾಯೀ.”

“ಯಾರು ಕೊಡಬೇಕು?”

ಮಾವನವರು ನಾನು ನಿಂತಿದ್ದ ಬಾಗಿಲಿನ ಕಡೆ ನೋಡಿ, ಕಣ್ಣು ಕೆಳಗೆ ಹಾಕಿದರು.

ದೊಡ್ಡಮ್ಮ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಅವರನ್ನು. ಆಮೇಲೆ ಹಣೆ ಚಚ್ಚಿಕೊಂಡರು. “ಅಯ್ಯೋ ನಿಮ್ಮ! ಜಿರಳೆಗೆ ಅನುಮತಿ ಕೇಳೋಕೆ ಕೋಟು ಹಾಕ್ಕೊಂಡು ನಮ್ಮನೆ ತನಕ ಬಂದ್ರಿ. ಸೊಸೇನ ಕೇಳೋಕೆ ನಿಮ್ಮದೇ ನಡುಮನೆ ದಾಟಕ್ಕಾಗಲಿಲ್ವಾ?”

ಎಲ್ಲರೂ ಹೋದ ಮೇಲೂ ಮನೆಯೊಳಗೆ ಔಷಧಿಯ ನಾತವಿತ್ತು. ನಾನು ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದೆ. ಮಾವನವರು ಬಿಚ್ಚಿಟ್ಟಿದ್ದ ಕೋಟನ್ನು ಮತ್ತೆ ತೊಟ್ಟು, ಕೆಮ್ಮುತ್ತ ಬಂದು ನನ್ನೆದುರು ನಿಂತರು. ಕೈಯಲ್ಲಿ ಪತ್ರ.

“ಮಾನ್ಯರೇ,” ಎಂದು ಓದಿದರು. “ತಾವು ಹಕ್ಕುದಾರರಾಗಿರುವ, ಈ ಕೆಳಗೆ ಕಾಣಿಸಿದ ಚಿತ್ರಗಳನ್ನು...”

ಅಲ್ಲಿಗೆ ನಿಂತರು. ಪತ್ರವನ್ನು ತಿರುಗಿಸಿ ನನ್ನ ಕೈಗೆ ಕೊಟ್ಟರು.

“ನೀನೇ ಓದ್ಕೋಮ್ಮ. ಅಕ್ಷರ ಸಣ್ಣದು.”

ಅಕ್ಷರ ಸಣ್ಣದಾಗಿರಲಿಲ್ಲ. ಓದಿದೆ. ಜೀವಂತ, ದಿವಂಗತ ಎಂದಿದ್ದ ಕಡೆ ಅವರು ಏನನ್ನೂ ಹೊಡೆದುಹಾಕಿರಲಿಲ್ಲ. ಪೆನ್ನು ಕೇಳಿ ಈಸಿಕೊಂಡು ಹೊಡೆದುಹಾಕಿದೆ. ಸಹಿ ಹಾಕಿದೆ. ಕೊನೆಯಲ್ಲಿ ‘ಹಕ್ಕುದಾರರ ಷರತ್ತುಗಳೇನಾದರೂ ಇದ್ದಲ್ಲಿ’ ಎಂದು ಒಂದು ಖಾಲಿ ಜಾಗವಿತ್ತು.

“ಷರತ್ತು ಇದೆ ಮಾವ.”

ಅವರು ಗಾಬರಿಯಾದರು. “ಏನಮ್ಮ?”

“ಎಲ್ಲಾ ಚಿತ್ರನೂ ಹಾಕಬೇಕು. ಯಾವುದನ್ನೂ ಬದಲಾಯಿಸಬಾರದು.”

“ಎಲ್ಲಾ ಅಂದ್ರೆ? ಆ ಕನ್ನಡಕದ್ದು...”

“ಕನ್ನಡಕ ಸಮೇತ.”

“ಕೋಟು?”

“ಕೋಟೂ ಸಮೇತ.”

“ಪ್ರಿನ್ಸಿಪಾಲರು ಏನಂತಾರೋ!”

“ಹಕ್ಕುದಾರರು ಒಪ್ಪಲಿಲ್ಲ ಅಂತ ಹೇಳಿ.”

ಮಾವನವರು ಷರತ್ತನ್ನು ಎರಡು ಸಲ ಓದಿ, ಪತ್ರವನ್ನು ಕೋಟಿನ ಒಳಜೇಬಿಗೆ ಸೇರಿಸಿದರು. “ಈ ಹಕ್ಕುದಾರರು ಬಹಳ ಬಿಗಿ,” ಎಂದರು. ಅವರು ನಗುವುದನ್ನು ಅಷ್ಟು ದಿನದ ಮೇಲೆ ನೋಡಿದೆ. ನಾನೂ ನಕ್ಕಿರಬೇಕು. ಅವರು ಹಾಗೆಂದು ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು.

ಲೈಬ್ರರಿ ಮೇಡಂ ಎಲ್ಲ ಚಿತ್ರಗಳನ್ನೂ ಒಂದೊಂದಾಗಿ ನೋಡಿದರಂತೆ. ಕೊನೆಯದರ ಮುಂದೆ ನಿಂತರಂತೆ.

“ಈ ಜಿರಳೆಗೆ ಕನ್ನಡಕ ಯಾಕೆ ಸಾರ್?”

“ಕೆಲವು ಜಾತಿಗಳಲ್ಲಿ ಇರುತ್ತೆ ಮೇಡಂ.”

ಮೇಡಂ ಒಪ್ಪಿಗೆಯ ಮುದ್ರೆ ಒತ್ತಿದರು.

ಪಾಠ ಮೇಲೇರಿತು. ಕೊನೆಯ ಪುಟವನ್ನು ನಾನೂ ನೋಡಿದೆ. ಕೃತಜ್ಞತೆ ಬೇರೆ, ಅನುಮತಿ ಬೇರೆ ಎಂದು ಗಟ್ಟಿಯಾಗಿ ಕಲಿತಿದ್ದ ಮಾವನವರು ಎರಡನ್ನೂ ಹಾಕಿದ್ದರು. ಲೈಬ್ರರಿ ಮೇಡಂ ಅವರಿಗೆ, ಕಳ್ಳನೆಂದು ಕರೆದದ್ದಕ್ಕೆ. ನಗರಸಭೆಗೆ, ಬೀರು ಸರಿಸಿದ್ದಕ್ಕೆ. ಇಸ್ತ್ರಿ ಅಂಗಡಿಯವನಿಗೆ, ಪ್ರಚಾರಕ್ಕೆ. ದೊಡ್ಡಪ್ಪನಿಗೆ, ಎದ್ದದ್ದಕ್ಕೆ. ಅದರ ಕೆಳಗೆ: ‘ಒಂದು ವರ್ಷ ನಮಗೆ ಊಟ ಹಾಕಿದ ಪಕ್ಕದ ಮನೆಯ ತಾಯಿಗೆ. ಅವರ ಮನೆಯಲ್ಲಿ ಜಿರಳೆ ಇಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ.’ ಎಲ್ಲಕ್ಕಿಂತ ಕೆಳಗೆ: ‘ಚಿತ್ರಗಳು ನನ್ನ ಮಗನವು. ಅನುಮತಿ ನನ್ನ ಸೊಸೆಯದು. ತಪ್ಪುಗಳು ಮಾತ್ರ ನನ್ನ ಸ್ವಂತದವು.’

ದೊಡ್ಡಮ್ಮ ಆ ಪುಟವನ್ನು ಅಚ್ಚು ಹಾಕಿಸಿ ‘ಮನೆ ಬಾಡಿಗೆಗಿದೆ’ ಬೋರ್ಡಿನ ಪಕ್ಕ ತೂಗುಹಾಕಿದರು. ನಗರಸಭೆಯ ಗುಮಾಸ್ತ ಮತ್ತು ಅವನ ಹೆಂಡತಿ, ಕಾಲೇಜಿನವರೇ ಬರೆದುಕೊಟ್ಟ ಮೇಲೆ ಅನುಮಾನವೇಕೆ ಎಂದು ಮಹಡಿಗೆ ಬಂದರು.

ಅವರು ಸಾಮಾನು ಇಳಿಸಿದ ದಿನ ನಮ್ಮ ಮನೆಗೆ ಮತ್ತೆ ಡಬ್ಬಿ ಬಂತು.

“ತಗೊಳೇ, ಬಿಸಿ ಇದೆ. ಇನ್ಮೇಲೆ ವಾಪಸ್ ಕೊಡೋಕೆ ನಿಮ್ಮ ಮಾವನ್ನ ಕಳಿಸಬೇಡ. ಫೋನ್ ಇಟ್ಕೊಂಡಿರ್ತಾರೆ. ನೀನೇ ಬಾ.”

ಉಂಡೆವು. ಡಬ್ಬಿ ತೊಳೆದೆ. ಚಪ್ಪಲಿ ಎಲ್ಲಿದೆಯೆಂದು ಮರೆತುಹೋಗಿತ್ತು. ಮಾವನವರು ಹುಡುಕಿ, ಧೂಳು ಕೊಡವಿ, ಬಾಗಿಲಲ್ಲಿ ಇಟ್ಟರು.

ದೊಡ್ಡಮ್ಮ ಒಲೆಯ ಮುಂದಿದ್ದರು. ಕೂರು ಎಂದು ಮಣೆ ತಳ್ಳಿದರು. ಕೂತೆ. ಅವರು ಮಹಡಿಯ ಹುಡುಗಿ ಎಷ್ಟು ಒಳ್ಳೆಯವಳು, ಅವಳ ಗಂಡ ಎಷ್ಟು ಪೆದ್ದ ಎಂದು ಹೇಳುತ್ತಿದ್ದರು. ಒಲೆಯ ಹಿಂದಿನಿಂದ ಒಂದು ಜಿರಳೆ ಮೀಸೆ ಕುಣಿಸುತ್ತ ಹೊರಬಂದು, ಹೆಸರು ಕೆತ್ತಿಸಿದ ಪಾತ್ರೆಯ ಪಕ್ಕದಲ್ಲಿ ನಿಂತು ನನ್ನನ್ನು ನೋಡಿತು.

“ಏನೇ ಅದು, ಹಾಗೆ ನೋಡ್ತಿದೀಯಾ?” ಎಂದರು ದೊಡ್ಡಮ್ಮ.

“ಏನೂ ಇಲ್ಲ ದೊಡ್ಡಮ್ಮ,” ಎಂದೆ. ಅವರ ಮನೆಯಲ್ಲಿ ಜಿರಳೆ ಇಲ್ಲವೆಂದು ನಮ್ಮ ಪಾಠದಲ್ಲೇ ಬರೆದಿದೆ.